ಜೋಸೆಫರ ಸಾಲು

ಚರ್ಚಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಯೇಸುವಿನ ವಂಶಾವಳಿ ಬರೆಯಲು ಪೇಂಟರ್ ಒಪ್ಪಿಕೊಂಡಿದ್ದೇ, ಮಗಳ ಮದುವೆಯೂ ಅಲ್ಲೇ ಆಗುತ್ತದೆಂಬ ಖುಷಿಗೆ. ಮೂರು ದಿನದಲ್ಲಿ ಆ ಖುಷಿ ಇಳಿದುಹೋಯಿತು. ಅಬ್ರಹಾಮ ಈಸಾಕನ ತಂದೆ, ಈಸಾಕ ಯಕೋಬನ ತಂದೆ... ಬರೆದಷ್ಟೂ ಮುಗಿಯದು. ನಾಲಿಗೆ ಹೊರಳದ ಹೆಸರುಗಳು, ಏಣಿಯ ಮೇಲೆ ಹಿಡಿದುಕೊಂಡ ಸೊಂಟ.

ಮೂರನೆಯ ದಿನ ಮಧ್ಯಾಹ್ನ ಮದುವೆಯ ಅರ್ಜಿ ತುಂಬಲು ಚರ್ಚಿನ ಕಚೇರಿಗೆ ಹೋದ. ಗುಮಾಸ್ತ ದೀಕ್ಷಾಸ್ನಾನದ ಹಳೆಯ ಪುಸ್ತಕ ತೆರೆದು, ವಧುವಿನ ತಂದೆ ಎಂಬಲ್ಲಿ ಪೇಂಟರನ ಹೆಂಡತಿಯ ಮೊದಲ ಗಂಡನ ಹೆಸರು ಬರೆದ. ಆತ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು.

“ಎರಡು ವರ್ಷದ ಮಗುವಿದ್ದಾಗಿಂದ ಸಾಕಿದ್ದು ನಾನು ಕಣ್ರೀ!”

“ದತ್ತು ಕಾಗದ ಇದ್ಯಾ?”

“ಮನೇಲಿರೋ ಮಗೂಗೆ ಕಾಗದ ಯಾರ್ರೀ ಮಾಡಿಸ್ತಾರೆ?”

“ಹಾಗಾದ್ರೆ ನಾನೇನೂ ಮಾಡೋಕಾಗಲ್ಲ. ಬೇಕಿದ್ರೆ ಸಾಕ್ಷಿ ಅಂತ ಸಹಿ ಹಾಕಿ.”

ಮೈಯೆಲ್ಲ ಉರಿಯುತ್ತ ಪೇಂಟರ್ ಮತ್ತೆ ಏಣಿ ಹತ್ತಿದ. ಉಳಿದಿದ್ದು ಕೊನೆಯ ಸಾಲು: ‘ಜೋಸೆಫ ಮರಿಯಳ ಪತಿ, ಮರಿಯಳಿಂದ ಯೇಸು ಜನಿಸಿದರು.’ ನೋಡಿ ಬರೆಯಲೆಂದು ಕೊಟ್ಟಿದ್ದ ಹಾಳೆಯನ್ನು ತಿರುಗಿಸಿ ನೋಡಿದ. ಮೂವತ್ತೊಂಬತ್ತು ಸಲ ಬರೆದಿದ್ದ ‘ತಂದೆ’ ಇಲ್ಲಿ ಮಾತ್ರ ಇರಲಿಲ್ಲ.

“ಫಾದರ್, ಈ ಜೋಸೆಫರಿಗೂ ಕೈ ಕೊಟ್ಟುಬಿಟ್ರಾ?” ಎಂದು ಕೆಳಗೆ ನಿಂತಿದ್ದ ಗುರುಗಳನ್ನು ಕೇಳಿದ.

“ಜನ್ಮ ಕೊಟ್ಟವರಲ್ಲ, ನಿಜ. ಆದ್ರೆ ಮಗುವಿಗೆ ಹೆಸರಿಡೋ ಕೆಲಸವನ್ನ ದೇವದೂತ ವಹಿಸಿದ್ದು ಇವರಿಗೇ. ಹೆಸರಿಟ್ಟವನೇ ತಂದೆ. ಇವರು ಆ ತಾಯಿ ಮಗೂನ ಒಪ್ಕೊಳ್ದೇ ಇದ್ದಿದ್ರೆ, ಮೇಲೆ ನೀನು ಬರೆದಿರೋ ಅಷ್ಟೂ ಹೆಸರು ಯೇಸುವಿನ ತನಕ ಬರ್ತಾನೇ ಇರ್ಲಿಲ್ಲ.”

“ಹಾಗಿದ್ಮೇಲೆ ತಂದೆ ಅಂತ ಬರೆಯೋಕೆ ಏನಾಗಿತ್ತು?”

ಗುರುಗಳು ಏಣಿಯ ಕಾಲು ಹಿಡಿದು ಮೇಲೆ ನೋಡಿದರು. “ಅದನ್ನ ಜೋಸೆಫರೂ ಕೇಳಿಲ್ಲಪ್ಪ. ಬೈಬಲಿನ ಶುಭಸಂದೇಶದಲ್ಲಿ ಅವರದು ಒಂದು ಮಾತೂ ಇಲ್ಲ.”

“ಅಲ್ಲೇ ಕೆಟ್ಟಿದ್ದು” ಎಂದು ಪೇಂಟರ್ ಗೊಣಗಿದ.

ಗುರುಗಳು ಹೋದ ಮೇಲೆ ಜೋಸೆಫರ ಹೆಸರನ್ನು ಅರ್ಧ ಬರೆದು, ಅದನ್ನೇ ನೋಡುತ್ತ, “ನಿಮಗಾದ್ರೂ ಹೊಟ್ಟೆ ಉರೀಲಿಲ್ವಾ ಸ್ವಾಮಿ?” ಎಂದು ಕೇಳಿದ. ಬಾಯಿಪಾಠದ ಜಪ ಬಿಟ್ಟರೆ ಯಾವ ಸಂತರೊಂದಿಗೂ ಹೀಗೆ ಮಾತಾಡಿದವನಲ್ಲ ಅವನು. ಮತ್ತೆ ಕುಂಚ ಅದ್ದಿದ. ಆ ಒಂದು ಸಾಲಿಗೇ ಸಂಜೆಯಾಯಿತು. ಕುಂಚವನ್ನು ಅಷ್ಟು ನಿಧಾನವಾಗಿ ಅವನು ಎಂದೂ ಎಳೆದಿರಲಿಲ್ಲ.

ಮದುವೆಯ ದಿನ ಗುಮಾಸ್ತ ಪುಸ್ತಕ ಮುಂದಿಟ್ಟು ಸಾಕ್ಷಿಯ ಜಾಗ ತೋರಿಸಿದ. ಪೇಂಟರ್ ಹಲ್ಲು ಕಚ್ಚಿ ಸಹಿ ಹಾಕತೊಡಗಿದ.

“ಅಪ್ಪಾ, ಯಾಕಷ್ಟು ಒತ್ತಿ ಬರೀತಿದ್ದೀಯ? ಪೆನ್ನು ಮುರಿಯುತ್ತೆ” ಎಂದಳು ಮಗಳು.

“ಮುರೀಲಿ ಬಿಡು” ಎಂದ ಅವನು.