ಮೂಗು ಉಳಿಸುವ ಮಾವ

“ಹಾಗೆ ಉಜ್ಜಬೇಡ ಕಣೇ, ಚಕ್ರವರ್ತಿ ಮೂಗು ಹೋಗುತ್ತೆ!” ಎಂದು ಮಾವ, ನಾಣ್ಯ ತಿಕ್ಕುತ್ತಿದ್ದ ತಮ್ಮ ಅಕ್ಕನ ಮಗಳ ಕೈಯಿಂದ ಬ್ರಷ್ ಕಿತ್ತುಕೊಂಡರು. ತಮ್ಮ ಸ್ನಾನವನ್ನು ಎರಡೇ ನಿಮಿಷಕ್ಕೆ ಮುಗಿಸುವ ಮಾವ, ರೋಮಿನ ಕಂಚಿನ ನಾಣ್ಯಗಳನ್ನು ಮಾತ್ರ ತಿಂಗಳುಗಟ್ಟಲೆ ನೆನೆಸಿಟ್ಟು, ದಿನಾ ನೀರು ಬದಲಿಸಿ, ಸೂಜಿಮೊನೆಯಿಂದ ಮಣ್ಣು ಬಿಡಿಸುತ್ತಾರೆ. ಅಂಚಿನಲ್ಲಿ ಎರಡು ಅಕ್ಷರ, ಒಂದಿಷ್ಟು ಗಡ್ಡ ಕಂಡರೆ ಸಾಕು, ಕಳೆದುಹೋದ ನೆಂಟ ಸಿಕ್ಕ ಹಾಗೆ “ಬಂದ್ಯೇನಪ್ಪಾ!” ಎನ್ನುತ್ತಾರೆ. “ಇವನ್ಯಾರು ಅಂತ ಇವತ್ತೇ ಗೊತ್ತಾಗ್ಬೇಕು ಮಾವ, ಪ್ಲೀಸ್!” ಎಂದು ಅವಳು ಕುಣಿದಳು. ಮಾವ ಜೇಬಿನಿಂದ ನುಣ್ಣಗಿನ ಬಿಲ್ಲೆಯೊಂದನ್ನು ತೆಗೆದರು. “ನನ್ನ ಮೊದಲನೇ ನಾಣ್ಯ. ನಿನ್ನ ಹಾಗೇ ಆತುರಪಟ್ಟು ಆಸಿಡ್‌ಗೆ ಹಾಕ್ದೆ. ಇವನ್ಯಾರು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ.” ಅವಳು ತನ್ನ ನಾಣ್ಯವನ್ನು ಮೆಲ್ಲಗೆ ನೀರಿಗೆ ಬಿಟ್ಟಳು. “ಮುಂದಿನ ಶನಿವಾರ ಬರ್ತೀನಿ. ನಾನಿಲ್ದಾಗ ಗಡ್ಡದ ಮಣ್ಣು ಬಿಡಿಸಿದ್ರೆ ನೋಡಿ ಮತ್ತೆ!”