ಕೂಸುಗಳ ಕರುಳು ಬಲ್ಲ ಸುಮತಿಬಾಯಿ

ಡಾಕ್ಟರ್ ಸುಮತಿಬಾಯಿಯವರ ಮೇಜಿನ ಮೇಲೆ ಸ್ಟೆತೊಸ್ಕೋಪಿನ ಪಕ್ಕದಲ್ಲಿ ಯಾವಾಗಲೂ ಮೂರು ಬಟ್ಟೆಯ ತುಂಡುಗಳಿರುತ್ತಿದ್ದವು. ಒಂದು ಬಿಳಿ, ಒಂದು ಹಳದಿ, ಇನ್ನೊಂದು ಕಬ್ಬಿನ ಗರಿಯಂಥ ಹಸಿರು. ವಾಂತಿ ಮಾಡುವ ಹಸುಗೂಸನ್ನು ಯಾರೇ ತರಲಿ, ಅವರು ಮೊದಲು ಆ ತುಂಡುಗಳನ್ನು ತಾಯಿಯ ಮುಂದೆ ಹರಡುತ್ತಿದ್ದರು.

"ಯಾವ ಬಣ್ಣದ್ದು ಕಾರೈತಿ? ಬಾಯಿಲೆ ಹೇಳಬ್ಯಾಡ, ಮುಟ್ಟಿ ತೋರಸು."

ನಿಪ್ಪಾಣಿ ಕಡೆಯ ತಾಯಿಯಾದರೆ ಅದೇ ಮಾತು ಮರಾಠಿಯಲ್ಲಿ. ಬೆರಳು ಹಸಿರಿನ ಮೇಲೆ ಬಿದ್ದರೆ ಸಾಕು, ಬಾಯಾರು ಕುರ್ಚಿ ಬಿಟ್ಟು ಎದ್ದಿರುತ್ತಿದ್ದರು. "ಶಾರದಾ, ಥೇಟರ್ ತಯಾರ ಮಾಡ!"

ಆ ಶಾರದಾ ನಾನೇ. ಎಂಬತ್ತರ ದಶಕದ ಕೊನೆಗೆ ಚಿಕ್ಕೋಡಿಯ ಅವರ ಸಣ್ಣ ಆಸ್ಪತ್ರೆಗೆ ನರ್ಸಾಗಿ ಸೇರಿ ಹನ್ನೆರಡು ವರ್ಷ ಅಲ್ಲಿದ್ದೆ. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಕಾಗವಾಡದ ದ್ರಾಕ್ಷಿ ತೋಟದ ಮನೆಯ ಮಗಳು. ಮುಂಬೈಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆ ಕಲಿತು, ಅಲ್ಲೇ ಇರೆಂದವರಿಗೆ ಕೈಮುಗಿದು ಬಂದವರು. "ಅಲ್ಲೆ ನನ್ನಂಥವರು ಹತ್ತ ಮಂದಿ ಅದಾರ. ಇಲ್ಲೆ ಯಾರದಾರ ಹೇಳ?" ಎನ್ನುತ್ತಿದ್ದರು.

ಆ ಬಟ್ಟೆಗಳ ಹಿಂದೆ ಒಂದು ಸಾವಿತ್ತು. ಕೆಲವು ಮಕ್ಕಳು ಹುಟ್ಟುವಾಗಲೇ ಕರುಳು ತನ್ನ ಜಾಗದಲ್ಲಿ ಕೂತಿರುವುದಿಲ್ಲ. ಒಗೆದ ಧೋತರ ಹಿಂಡಿದಂತೆ ಅದು ಸುತ್ತಿಕೊಂಡರೆ ರಕ್ತ ನಿಲ್ಲುತ್ತದೆ, ಕೂಸು ಹಸಿರು ಕಾರುತ್ತದೆ. ಆಗ ಉಳಿಯುವುದು ಕೆಲವೇ ಗಂಟೆ. ನಾನು ಸೇರಿದ ವರ್ಷ ಕೊಗನೊಳ್ಳಿಯಿಂದ ಬಂದ ತಾಯಿಯೊಬ್ಬಳು ಗಾಬರಿಯಲ್ಲಿ ಹಳದಿ ಎಂದಳು. ಬಾಯಾರು ಅದನ್ನು ನಂಬಿ ಅರ್ಧ ದಿನ ಕಾದರು. ಹೊಟ್ಟೆ ತೆರೆದಾಗ ಕರುಳೆಲ್ಲ ಕಪ್ಪಾಗಿತ್ತು. ಹೊರಗೆ ಬಂದು ಎಲ್ಲರೆದುರು ಆ ತಂದೆತಾಯಿಗೆ ಹೇಳಿದರು: "ತಪ್ಪ ನಂದು. ನಾ ತಡಾ ಮಾಡಿದೆ." ಹಾಗೆ ಹೇಳಿದ ಇನ್ನೊಬ್ಬ ಡಾಕ್ಟರನ್ನು ನಾನು ಕಂಡಿಲ್ಲ. ಮರುದಿನ ತಾವೇ ದರ್ಜಿಯ ಅಂಗಡಿಗೆ ಹೋಗಿ ಆ ತುಂಡುಗಳನ್ನು ತಂದರು.

ಆಮೇಲೆ ಹಸಿರು ಮುಟ್ಟಿ ತೋರಿಸಿದ ಎಷ್ಟೋ ತಾಯಂದಿರು ಕೂಸನ್ನು ಎತ್ತಿಕೊಂಡೇ ಮನೆಗೆ ಹೋದರು. ಥಿಯೇಟರಿನಲ್ಲಿ ಕೂಸಿಗೆ ಚಳಿಯಾಗಬಾರದೆಂದು ಮೇ ತಿಂಗಳಲ್ಲೂ ಫ್ಯಾನು ಬಂದ್. ಬಾಯಾರು ಕಿರುಬೆರಳಿಗಿಂತ ತೆಳುವಾದ ಕರುಳಿನ ಸುತ್ತು ಬಿಡಿಸಿ, ಬಿಸಿ ನೀರಿನ ಬಟ್ಟೆ ಹೊದಿಸಿ ಕಾಯುತ್ತಿದ್ದರು. ನೀಲಿಗಟ್ಟಿದ್ದು ಮೆಲ್ಲಗೆ ಕೆಂಪಾಗುತ್ತ ಬಂದಾಗ ಬೆವರೊಳಗೆ ನಿಂತ ನಾವೆಲ್ಲ ಉಸಿರು ಬಿಡುತ್ತಿದ್ದೆವು.

ಆದರೆ ಬಾಯಾರೆಂದರೆ ನನಗೆ ಮೊದಲು ನೆನಪಾಗುವುದು ಅಲಖನೂರಿನ ಲಕ್ಕವ್ವ. ಕುರಿ ಕಾಯುವ ಸಿದ್ದಪ್ಪನ ಮಗಳು, ಏಳು ವರ್ಷ. ಕಾಲು ಕಡ್ಡಿ, ಹೊಟ್ಟೆ ಮಾತ್ರ ಕೊಡ. ಹುಟ್ಟಿದಾಗಿನಿಂದ ವಾರಕ್ಕೊಮ್ಮೆ, ಅದೂ ಔಡಲ ಎಣ್ಣೆ ಕುಡಿಸಿದರೆ ಸಂಡಾಸ. ಜಂತು ಎಂದವರಿದ್ದರು, ದೃಷ್ಟಿ ಎಂದವರೂ ಇದ್ದರು. ಬಾಯಾರು ಗುದದ್ವಾರಕ್ಕೆ ಬೆರಳು ಹಾಕಿ ಪರೀಕ್ಷಿಸಿ ತೆಗೆದದ್ದೇ ತಡ, ಒಳಗಿದ್ದದ್ದು ರಭಸದಿಂದ ಚಿಮ್ಮಿ ಅವರ ಸೀರೆಯೆಲ್ಲ ಹಾಳಾಯಿತು. ನಾನು ಹಿಂದೆ ಸರಿದೆ. ಅವರ ಮುಖ ಅರಳಿತು.

"ರೋಗ ತಾನ ತನ್ನ ಹೆಸರ ಹೇಳ್ತು ನೋಡ!"

ಬಣ್ಣದ ಔಷಧ ಏರಿಸಿ ಎಕ್ಸ್‌ರೇ ತೆಗೆದರು. ಕರುಳಿನ ಚೂರೊಂದನ್ನು ಮಿರಜಿಗೆ ಪರೀಕ್ಷೆಗೆ ಕಳಿಸಿದರು. ಬಾಯಾರ ಊಹೆ ನಿಜವಾಗಿತ್ತು. ಸಿದ್ದಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದರು.

"ಕುರಿ ಕರಳ ನೋಡಿ ಇಲ್ಲೋ?"

"ಅದನ್ನ ನೋಡದ ಇರ್ತೀನೇನ್ರಿ? ಕೊಯ್ದಾಗೂ ಮಿಸುಗತಿರತೈತ್ರಿ."

"ಹಂಗ ಮಿಸುಕಿದ್ರನ ಒಳಗಿಂದು ಮುಂದ ಹೋಗೂದು. ನಿನ್ನ ಮಗಳ ಕರಳಿನ ಕಡೀ ತುಂಡಿಗೆ ನರದ ಕಣ ಹುಟ್ಟುವಾಗನ ಬಂದಿಲ್ಲ. ಅದು ಮಿಸಗೂದಿಲ್ಲ. ಅದಕ್ಕ ಮ್ಯಾಲಿಂದೆಲ್ಲಾ ಅಲ್ಲೇ ಬಂದು ನಿಂದರತೈತಿ."

ಸಿದ್ದಪ್ಪ ಚಿತ್ರವನ್ನೇ ನೋಡುತ್ತ ಕೂತ. "ಹಂಗಾರ ಆ ಸತ್ತ ತುಂಡು ತಗದ ಒಗೀರಿ, ಮ್ಯಾಲಿಂದು ಎಳದ ಕೂಡಸ್ರಿ" ಎಂದ.

ಬಾಯಾರು ನನ್ನ ಕಡೆ ತಿರುಗಿದರು. "ಮುಂಬೈದಾಗ ನಾ ಇದನ್ನ ಕಲ್ಯಾಕ ಮೂರ ವರ್ಷ ಹಿಡೀತು!"

ಒಪ್ಪದವಳು ಅಜ್ಜಿ. ಮೊದಲನೆಯ ಆಪರೇಷನ್ನಿನಲ್ಲಿ, ಉಬ್ಬಿದ ಕರುಳು ಇಳಿಯಲೆಂದು, ಹೊಟ್ಟೆಗೆ ಒಂದು ದಾರಿ ಮಾಡಿ ಕರುಳನ್ನು ಹೊರಗೆ ತರಬೇಕಿತ್ತು. ಕೆಲವು ತಿಂಗಳು ಮಲ ಅಲ್ಲಿಂದಲೇ. "ಹೆಣ್ಣ ಕೂಸರಿ. ಹೊಟ್ಟಿ ಮ್ಯಾಲ ತೂತ ಇದ್ದಾಕಿನ್ನ ಯಾರ ಮಾಡ್ಕೋತಾರ?"

"ಮೊದಲ ಆಕಿ ಬದಕಲಿ ಯವ್ವಾ. ಲಗ್ನದ ಮಾತ ಆಮ್ಯಾಲ ಇಬ್ಬರೂ ಕೂಡೇ ಆಡೂಣು."

ಮೂರು ಆಪರೇಷನ್ನುಗಳಿಗೂ ಅರಿವಳಿಕೆ ಕೊಡಲು ನಿಪ್ಪಾಣಿಯಿಂದ ಡಾಕ್ಟರು ಬಂದರು. ಎರಡನೆಯದು ಐದು ತಾಸು ಹಿಡಿಯಿತು. ನರವಿಲ್ಲದ ತುಂಡು ತೆಗೆದು, ಜೀವವಿದ್ದ ಕರುಳನ್ನು ಕೆಳಗೆ ಎಳೆದು ಕೂಡಿಸಿದರು. ಬಾಯಾರು ಒಮ್ಮೆಯೂ ಕೂರಲಿಲ್ಲ. ಮೂರನೆಯದರಲ್ಲಿ ಹೊಟ್ಟೆಯ ದಾರಿ ಮುಚ್ಚಿದರು. ಇನ್ನು ಕಾಯುವುದಷ್ಟೇ. ಒಂದು ದಿನ, ಎರಡು ದಿನ, ಮೂರು ದಿನ. ಬಾಯಾರು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಹೊಲಿಗೆ ಬಿಟ್ಟಿತೇನೋ ಎಂಬ ಭಯ ಅವರಿಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಲಕ್ಕವ್ವ ಕೂಗಿದಳು:

"ಬಾಯಾರ, ಬಂತ್ರೀ! ತಾನ ಬಂತ್ರೀ!"

ವಾರ್ಡಿನವರೆಲ್ಲ ನಕ್ಕರು. ಸಿದ್ದಪ್ಪ ಅಳುತ್ತಿದ್ದ. ಬಾಯಾರು ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡು, "ಹೊಲಗಿ ಹಾಕಿದ ಮ್ಯಾಲ ಅಲ್ಲ ಶಾರದಾ, ಕೂಸು ಹೇತ ಮ್ಯಾಲ ನಾವು ಪಾಸು" ಎಂದರು.

ತೊಂಬತ್ತರ ದಶಕದ ಕೊನೆಗೆ ಅವರ ಬಲಗೈ ನಡುಗಲು ಶುರುವಾಯಿತು. ಗೊತ್ತಾದ ದಿನವೇ ಕತ್ತರಿ ಕೆಳಗಿಟ್ಟು, ಆಸ್ಪತ್ರೆ ಮುಚ್ಚಿ ಕಾಗವಾಡಕ್ಕೆ ಹೋದರು. ನಾನು ರಾಯಬಾಗದ ಹೆರಿಗೆ ಆಸ್ಪತ್ರೆಯೊಂದಕ್ಕೆ ಸೇರಿದೆ.

ಕೊನೆಯ ಸಲ ಹೋದಾಗ ಅವರು ತೋಟದ ಮನೆಯ ಅಂಗಳದಲ್ಲಿ ಕೂತಿದ್ದರು. ನಾನು ಒಂದು ಸುದ್ದಿ ಹೊತ್ತು ಹೋಗಿದ್ದೆ. ನಮ್ಮಲ್ಲಿ ಹುಟ್ಟಿದ ಕೂಸೊಂದು ಎರಡು ದಿನವಾದರೂ ಹುಟ್ಟಿದ ಕೂಸು ಹಾಕುವ ಮೊದಲ ಕರಿ ಮಲ ಹಾಕಿರಲಿಲ್ಲ. ಹಾಲು ಕುಡಿದರೆ ಸರಿಹೋಗುತ್ತದೆ ಎಂದರು ಅಲ್ಲಿಯವರು. ನಾನು ಬಿಡಲಿಲ್ಲ, ಹಟ ಹಿಡಿದು ಬೆಳಗಾವಿಗೆ ಕಳಿಸಿದೆ. ಲಕ್ಕವ್ವನದೇ ರೋಗ, ಹೊತ್ತಿಗೆ ಸರಿಯಾಗಿ ಸಿಕ್ಕಿತ್ತು. ಇದನ್ನು ಗುರುತಿಸಿದವರು ಯಾರೆಂದು ಅಲ್ಲಿಯ ಸರ್ಜನ್ ಫೋನು ಮಾಡಿ ಕೇಳಿದ್ದರು.

ಬಾಯಾರು ಪೂರ್ತಿ ಕೇಳಿದರು. ಆಮೇಲೆ ಒಳಗಿದ್ದ ತಮ್ಮನ ಹೆಂಡತಿಯನ್ನು ಕರೆದರು. ಹನ್ನೆರಡು ವರ್ಷ ಯಾರಿಗೆ ಪರಿಚಯಿಸಿದರೂ 'ನಮ್ಮ ನರ್ಸು' ಎಂದಷ್ಟೇ ಹೇಳುತ್ತಿದ್ದವರು ಅಂದು ನನ್ನ ಕೈ ಹಿಡಿದುಕೊಂಡು ಹೇಳಿದರು:

"ಇಕಿ ಶಾರದಾ. ನಾವಿಬ್ಬರೂ ಕೂಡಿ ಕೂಸುಗಳನ್ನ ಉಳಿಸೀವಿ."

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಅಂದು ಹುಟ್ಟಿದ ನಾಲ್ಕು ಕೂಸುಗಳನ್ನು ಒಂದೊಂದಾಗಿ ಪೂರ್ತಿ ನೋಡಿ ಮುಗಿಸಿ, ಆಮೇಲೆ ಕಾಗವಾಡದ ಬಸ್ಸು ಹಿಡಿದೆ.