ಅಂಚಿಗೆ ಬಂದ ಮೂರು ರಿವೆಟ್

ಉಗಾರ ಬುದ್ರುಕಿನ ಶಿವಗಂಗವ್ವನಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಗಂಡನ ಜೊತೆ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಎರಡೂವರೆ ವರ್ಷ ದಾಟುತ್ತಿರಲಿಲ್ಲ. ಧರೆಪ್ಪ ವಾಯುಸೇನೆಯಲ್ಲಿ ವಿಮಾನದ ಮೈತಗಡು ದುರಸ್ತಿ ಮಾಡುವ ಫಿಟ್ಟರ್. ಕೆಲವು ವರ್ಷ ಅಸ್ಸಾಮಿನಲ್ಲಿ, ಕೆಲವು ವರ್ಷ ಪಂಜಾಬಿನಲ್ಲಿ ಇದ್ದ. ವರ್ಷಕ್ಕೊಮ್ಮೆ ಟ್ರಂಕು ಹೊತ್ತು ಬರುತ್ತಿದ್ದ. ಮಾಳಿಗೆ ಸೋರುವುದು, ಅವ್ವನ ಔಷಧ, ಬದುವಿನ ತಕರಾರು ಇಷ್ಟನ್ನು ಮುಗಿಸುವಷ್ಟರಲ್ಲಿ ರಜೆ ತೀರುತ್ತಿತ್ತು. ೧೯೮೫ರಲ್ಲಿ ಅವನು ಕಾಯಂ ಆಗಿ ಊರಿಗೆ ಬಂದಾಗ, ಇಬ್ಬರಿಗೂ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಅವನು ಕಟ್ಟೆಯ ಮೇಲೆ ಕೂತಿರುತ್ತಿದ್ದ, ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಮರುವರ್ಷ ಕಾಗವಾಡದ ದ್ರಾಕ್ಷಿ ಬೆಳೆಗಾರ ಬಾಪುಸಾಹೇಬರು ಹೇಳಿಕಳಿಸಿದರು. ಅವರು ಹರೆಯದಲ್ಲಿ ಪುಣೆಯಲ್ಲಿ ವಿಮಾನ ಓಡಿಸಲು ಕಲಿತವರು. ಈಗ ಅಮೇರಿಕದಿಂದ ಬಿಡಿಭಾಗಗಳಾಗಿ ಬರುವ ಇಬ್ಬರು ಕೂರುವ ವಿಮಾನವೊಂದನ್ನು ತರಿಸಿದ್ದರು. ಮುಂಬಯಿ ಬಂದರಿನಿಂದ ಲಾರಿಯಲ್ಲಿ ಬಂದ ಕಟ್ಟಿಗೆಯ ಪೆಟ್ಟಿಗೆಗಳು ಅವರ ಒಣದ್ರಾಕ್ಷಿಯ ಶೆಡ್ಡಿನಲ್ಲಿದ್ದವು. ಅದನ್ನು ಜೋಡಿಸಬಲ್ಲವನು ಸುತ್ತಮುತ್ತ ಧರೆಪ್ಪನೊಬ್ಬನೇ.

ತಗಡಿಗೆ ತಗಡು ಕೂಡಿಸುವ ಕೆಲಸಕ್ಕೆ ಇಬ್ಬರು ಬೇಕು. ಹೊರಗಿನವನು ಗಾಳಿಯ ಗನ್ನಿನಿಂದ ರಿವೆಟ್ಟಿನ ತಲೆಗೆ ಬಡಿಯುತ್ತಾನೆ. ಒಳಗಿನವನು ಅದರ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿದಿರುತ್ತಾನೆ. ಸಕ್ಕರೆ ಕಾರ್ಖಾನೆಯ ಮಲಕಾರಿ ಎಂಬ ತಗಡು ಕೆಲಸಗಾರನನ್ನು ಕರೆಸಿದರು. ಅವನ ತೋಳು ವಿಮಾನದ ಬಾಲದ ಗೂಡಿನೊಳಗೆ ಮೊಳಕೈವರೆಗೂ ಹೋಗಲಿಲ್ಲ. ಆ ದಿನ ಬುತ್ತಿ ತಂದಿದ್ದ ಶಿವಗಂಗವ್ವನ ಸಪೂರ ಕೈಯನ್ನು ಧರೆಪ್ಪ ನೋಡಿದ.

"ನೀ ಹಿಡೀತಿಯೇನು?"

"ಹಿಡದ್ರ ಏನಾಗತೈತ್ರಿ?"

"ಕೈ ಜುಮ್ ಅಂತೈತಿ."

"ಅಂದ್ರ ಅನ್ನಲಿ."

ಹಾಗೆ ಶುರುವಾಯಿತು. ದಿನಾ ಮುಂಜಾನೆಯ ಬಸ್ಸಿಗೆ ಇಬ್ಬರೂ ಕಾಗವಾಡಕ್ಕೆ ಬರುತ್ತಿದ್ದರು. ತಗಡಿನ ಆಚೆ ಅವನು, ಈಚೆ ಅವಳು, ಒಬ್ಬರ ಮುಖ ಒಬ್ಬರಿಗೆ ಕಾಣದು. ಬಡಿದದ್ದು ಸಾಲದಿದ್ದರೆ ಅವಳು ಗಟ್ಟಿಯಿಂದ ಒಮ್ಮೆ ತಟ್ಟುತ್ತಿದ್ದಳು, ಸರಿಯಾಗಿದ್ದರೆ ಎರಡು ಸಲ. ಕರೆಂಟು ಹೋದರೆ ಗಾಳಿ ತುಂಬುವ ಯಂತ್ರ ನಿಂತು ಗನ್ನೂ ನಿಲ್ಲುತ್ತಿತ್ತು. ಆಗ ಪೆಟ್ಟಿಗೆಯ ಮೇಲೆ ಕೂತು ಅವಳು ಕೇಳುತ್ತಿದ್ದಳು: ಅಸ್ಸಾಮಿನಲ್ಲಿ ಏನು ಉಣ್ಣುತ್ತಾರೆ? ಜ್ವರ ಬಂದಾಗ ನಿಮ್ಮನ್ನು ಯಾರು ನೋಡುತ್ತಿದ್ದರು? ಹದಿನಾಲ್ಕು ವರ್ಷದಲ್ಲಿ ಹೇಳದೆ ಉಳಿದದ್ದನ್ನೆಲ್ಲ ಅವನು ಅಲ್ಲಿ ಹೇಳಿದ. ಕರೆಂಟು ಬೇಗ ಬಂದರೆ ಅವಳಿಗೆ ಬೇಸರವಾಗುತ್ತಿತ್ತು.

೧೯೮೭ರ ದೀಪಾವಳಿಗೆ ಹಾರಬೇಕೆಂದು ಬಾಪುಸಾಹೇಬರು ಗೊತ್ತುಮಾಡಿಕೊಂಡಿದ್ದರು. ಶ್ರಾವಣದಲ್ಲಿ ಎಡರೆಕ್ಕೆಯ ಕೆಲಸ ನಡೆದಿತ್ತು. ರೆಕ್ಕೆಯ ಉದ್ದಕ್ಕೂ ಒಳಗೆ ತೊಲೆಯಂತೆ ಭಾರ ಹೊರುವ ಒಂದು ಪಟ್ಟಿ ಇರುತ್ತದೆ. ಅದರ ಬುಡದ ಕಡೆ ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಿದ್ದ ಶಿವಗಂಗವ್ವ ರೆಕ್ಕೆಯ ಕೆಳಗಿನಿಂದಲೇ ಕರೆದಳು.

"ಏನ್ರಿ, ಈ ಮೂರು ರಿಪಿಟ ಅಂಚಿಗೆ ಬಂದಾವು. ಉಳಿದೂವು ಹಿಂಗಿಲ್ಲ."

ಧರೆಪ್ಪ ತೆವಳಿ ಹೋಗಿ ಅಳತೆಪಟ್ಟಿ ಇಟ್ಟ. ರಿವೆಟ್ಟಿನ ದಪ್ಪ ಇಂಚಿನ ಎಂಟನೆಯ ಒಂದು ಪಾಲು. ಗ್ಯಾರೇಜಿನ ಮಾತಿನಲ್ಲಿ ಒಂದು ಸೂತ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಅದರ ಎರಡರಷ್ಟು, ಅಂದರೆ ಎರಡು ಸೂತ ಜಾಗ ಇರಲೇಬೇಕು. ಇಲ್ಲಿ ಒಂದೂವರೆಯೂ ಇರಲಿಲ್ಲ. ತೂತು ಹಾಕಿದವನು ಅವನೇ. ಹಿಂದಿನ ಗುರುವಾರ ಪಟ್ಟಿ ಸರಿದದ್ದನ್ನು ನೋಡದೆ ಡ್ರಿಲ್ ಇಟ್ಟಿದ್ದ. ಅವನು ಹೊರಬಂದು, ಕೈ ಒರೆಸಿಕೊಂಡು, ಬಾಪುಸಾಹೇಬರಿಗೆ ಹೇಳಲು ಹೋದ.

ಬಾಪುಸಾಹೇಬರು ಕೇಳಿ ನಕ್ಕರು. "ಮ್ಯಾಲ ತಗಡ ಮುಚ್ಚತೈತಿ. ಒಳಗಿಂದ ಯಾರ ನೋಡ್ತಾರ ಧರೆಪ್ಪಾ?"

"ಹಾರಾಕ ಹೋಗವ್ರು ನೀವ್ರಿ ಸಾವಕಾರ್ರ. ಅಂಚು ಹರದ್ರ ಮ್ಯಾಲ ಏನೂ ಮಾಡಾಕ ಬರೂದಿಲ್ಲ. ತಪ್ಪು ನಂದು. ನನ್ನ ಕೈಲೇ ಬಿಚ್ತೀನಿ."

ನಕ್ಷೆ ಬರೆದು, ಅಳತೆ ಹಾಕಿ, ವಿಮಾನ ತಯಾರಿಸಿದವರಿಗೆ ಪತ್ರ ಹಾಕಿದರು. ಐದು ವಾರಕ್ಕೆ ಉತ್ತರ ಬಂತು. ಬೇರೆ ಕಡೆ ಒಂದೇ ಒಂದು ರಿವೆಟ್ ಹೀಗಾಗಿದ್ದರೆ ಹಾಗೇ ಬಿಡಬಹುದಿತ್ತು. ರೆಕ್ಕೆಯ ಬುಡದಲ್ಲಿ ಸಾಲಾಗಿ ಮೂರು ಬೇಡ, ಪಟ್ಟಿಯನ್ನೇ ಬದಲಿಸಿರಿ ಎಂದು ಬರೆದಿದ್ದರು. ಹೊಸ ಪಟ್ಟಿ ಹಡಗಿನಲ್ಲಿ ಬರಲು ಒಂಬತ್ತು ತಿಂಗಳು ಹಿಡಿಯಿತು. ಆಮೇಲೆ ಎಂಬತ್ತಾರು ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ತೆಗೆದು, ಗಂಡ ಹೆಂಡತಿ ಮತ್ತೆ ಬಡಿದರು. ಅಂಚಿನ ಅಳತೆಯನ್ನು ಈ ಸಲ ಧರೆಪ್ಪ ಪ್ರತಿ ತೂತಿಗೂ ಎರಡೆರಡು ಬಾರಿ ತೆಗೆದ.

೧೯೮೯ರ ಸಂಕ್ರಾಂತಿಯ ಹೊತ್ತಿಗೆ ವಿಮಾನ ಸಿದ್ಧವಾಗಿ ನಿಂತಿತು. ಬಣ್ಣವೊಂದು ಬಾಕಿ. ಲೈಸೆನ್ಸ್ ಹೊಸದು ಮಾಡಿಸಲು ಬಾಪುಸಾಹೇಬರು ಮಿರಜಿಗೆ ಡಾಕ್ಟರ ಪರೀಕ್ಷೆಗೆ ಹೋದರು. ಹೊಸ ಪಟ್ಟಿಗೆ ಕಾದ ವರ್ಷದಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಇನ್ನು ವಿಮಾನ ಓಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು. ಬಾಪುಸಾಹೇಬರು ಮಿರಜಿನಿಂದ ಬಂದವರೇ ಶೆಡ್ಡಿಗೆ ಹೋಗಿ, ವಿಮಾನದಲ್ಲಿ ಹತ್ತಿ ಕೂತು, ವಿಮಾನ ಏರಿಸಿ ಇಳಿಸುವ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಜೈನರ ರೂಢಿಯಂತೆ ಹೊತ್ತು ಮುಳುಗುವುದರೊಳಗೆ ಊಟಕ್ಕೆ ಬರ್ರಿ ಎಂದು ಮನೆಯಿಂದ ಕರೆ ಬಂದರೂ ಇಳಿಯಲಿಲ್ಲ. ಧರೆಪ್ಪ ಬಾಗಿಲಲ್ಲೇ ನಿಂತ. ಅವರು ಒಂದು ಮಾತೂ ಬಯ್ಯಲಿಲ್ಲ.

ವಿಮಾನವನ್ನು ಹೊರರಾಜ್ಯದ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಕೊಟ್ಟರು. ರೆಕ್ಕೆ ಬಿಚ್ಚಿ, ಹುಲ್ಲು ಹಾಸಿ, ಲಾರಿಗೆ ಏರಿಸಿದರು. ಆ ದಿನ ಬಸ್ಸಿನಲ್ಲಿ ಶಿವಗಂಗವ್ವ ಕೇಳಿದಳು.

"ಅವತ್ತ ನಾ ಸುಮ್ನಿದ್ದಿದ್ರ ಸಾವಕಾರ್ರು ದೀಪಾಳಿಗೆ ಹಾರ್ತಿದ್ರಲ್ರಿ?"

"ಹಾರ್ತಿದ್ರು."

"ಇಳೀತಿದ್ರಾ?"

ಧರೆಪ್ಪ ಕಿಟಕಿಯ ಕಡೆ ತಿರುಗಿದ. "ಅದು ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತನ ಬಿಚ್ಚಿದ್ದು."

ನಾಲ್ಕು ವರ್ಷದ ಮೇಲೆ, ಅವಳ ಹಟಕ್ಕೆ, ಇಬ್ಬರೂ ಉಗಾರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಎರಡು ದಿನ ಪ್ರಯಾಣ ಮಾಡಿ ಆ ಕ್ಲಬ್ಬಿನ ಊರಿಗೆ ಹೋದರು. ಕಾವಲುಗಾರ ಒಳಗೆ ಬಿಡಲಿಲ್ಲ. ಮೆಕ್ಯಾನಿಕ್ ಒಬ್ಬ ಧರೆಪ್ಪನ ಹಿಂದಿ ಕೇಳಿ ತಂತಿ ಬೇಲಿಯವರೆಗೆ ಕರೆದುಕೊಂಡು ಹೋದ. ನೀಲಿ ಬಣ್ಣದ ವಿಮಾನವೊಂದು ಓಡಿ, ಎದ್ದು, ಹೊಲಗಳ ಮೇಲೆ ತಿರುಗಿತು.

"ಇದ ನಮ್ದೇನ್ರಿ?"

"ಅದ ಅಂತ. ಬಣ್ಣ ಹಚ್ಯಾರ, ನನಗೂ ಗುರುತ ಸಿಗವಲ್ದು."

ಅದು ಇಳಿದ ಮೇಲೆ ಒಮ್ಮೆ ಮುಟ್ಟಬೇಕೆಂದು ಅವಳಿಗೆ ಆಸೆಯಿತ್ತು. ಆದರೆ ಇಳಿದ ಕೂಡಲೇ ಇನ್ನೊಬ್ಬ ಹತ್ತಿದ, ಮತ್ತೆ ಹೋಯಿತು. ಇವರ ರೈಲಿಗೂ ಹೊತ್ತಾಗಿತ್ತು.

ಬರುವಾಗ ರೈಲಿನಲ್ಲಿ ಅವಳು ಅಂದಳು: "ಮತ್ತ ಯಾರರೆ ಇಮಾನ ಕಟ್ಟಾಕ ಕರದ್ರ ಹೋಗೂಣ್ರಿ."

"ಯಾರ ಕರೀತಾರ?"

"ಕರದ್ರ ಅಂದೆ."

"ಕರದ್ರ ನೀ ಇಲ್ದ ನಾ ಹೋಗೂದಿಲ್ಲ."

ಯಾರೂ ಕರೆಯಲಿಲ್ಲ. ೧೯೯೫ರಲ್ಲಿ ಧರೆಪ್ಪನಿಗೆ ನಿಪ್ಪಾಣಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಬರುತ್ತಿದ್ದ. ಅಲ್ಲಿ ಒಳಗಿನಿಂದ ಗಟ್ಟಿ ಹಿಡಿಯುವವರು ಬೇರೆಯವರಿದ್ದರು. ಶನಿವಾರ ಮಧ್ಯಾಹ್ನ, ಅವನ ಬಸ್ಸು ನಿಪ್ಪಾಣಿಯನ್ನೇ ಬಿಟ್ಟಿರದ ಹೊತ್ತಿನಲ್ಲಿ, ಶಿವಗಂಗವ್ವ ಹಂಡೆಯ ಕೆಳಗೆ ಉರಿ ಹಾಕಿ ಅವನ ಜಳಕಕ್ಕೆ ನೀರು ಕಾಯಿಸುತ್ತಿದ್ದಳು.